ಬ್ಯಾಸಗ್ಯಾಗ ಗುಮ್ಮಟದ ಸುತ್ತ: ನೆಳ್ಳು ಮತ್ತ ನೀರಿನ ಕಥಿ

ನಮ್ಮ ಕಡೆ ಶಿವರಾತ್ರಿ ಮುಗೀತಂದ್ರ ಸೆಕಿ ಸುರು. ಯುಗಾದಿಗೆ ಝಳ ಹೊಡೀತೈತಿ, ಬಸವ ಜಯಂತಿ ಹೊತ್ತಿಗೆ 40 ಡಿಗ್ರಿ ದಾಟಿರತೈತಿ. ಮುಂಜಾನಿ ಹತ್ತಕ್ಕ ಬಾಗಲಾ ಮುಂದ ಮಾಡ್ಕೊಂಡು ಕುಂತ್ರ ಸಂಜಿ ಐದರ ತನಕ ಹೊರಗ ಕಾಲಿಡೂ ಹಂಗಿಲ್ಲ. ಮಾಳಗಿ ಮ್ಯಾಲೆ ಶಾವಿಗಿ, ಸಂಡಗಿ, ಹಪ್ಪಳ ಒಣಗತಾವ, ಒಳಗ ನಾವು ಒಣಗತೀವಿ. "ಇಂಥಾ ಬಿಸಲಾಗ ಬಿಜಾಪುರಕ್ಕ ಯಾರ ಬರ್ತಾರ, ಡಿಸೆಂಬರದಾಗ ಬರ್ತೀವಿ" ಅಂತ ಬೆಂಗಳೂರಿನ ಬೀಗರು ಹೇಳ್ತಾರ. ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಕೇಳಿದ್ರ ಈ ಊರು ನೋಡಬೇಕಾದ್ದು ಬ್ಯಾಸಗ್ಯಾಗ. ಯಾಕ ಅಂತ ಇವತ್ತ ಹೇಳ್ತೀನಿ.

ನನ್ನ ತವರುಮನಿ ತಿಕೋಟಾ ಕಡೆ ಒಂದು ಹಳ್ಳಿ. ಲಗ್ನಾಗಿ ಈ ಊರಿಗೆ ಬಂದು ಮೂವತ್ತು ವರ್ಷದ ಮ್ಯಾಲಾತು. 2014ರ ನವೆಂಬರ 1ಕ್ಕ ಊರಿನ ಹೆಸರು ಸರಕಾರಿ ಕಾಗದದಾಗ ವಿಜಯಪುರ ಆತು, ನಮ್ಮ ಬಾಯಾಗ ಮಾತ್ರ ಇನ್ನೂ ಬಿಜಾಪುರ. ಮನಿ ಇರೂದು ಸ್ಟೇಷನ್ ರೋಡಿನ ಹಿಂದಿನ ಓಣ್ಯಾಗ. ಮಾಳಗಿ ಏರಿದ್ರ ಗುಮ್ಮಟ ಕಾಣತೈತಿ. ಬ್ಯಾಸಗ್ಯಾಗ ನನಗ ತಿರುಗಾಡಾಕ ಸಿಗೂದು ಎರಡೇ ಹೊತ್ತು. ಒಂದು, ಮುಂಜಾನಿ ಆರರಿಂದ ಎಂಟು. ಇನ್ನೊಂದು, ಸಂಜಿ ರೊಟ್ಟಿ ಬಡಿಯೂಕಿಂತ ಮೊದಲು ಒಂದು ತಾಸು. ಈ ಎರಡು ಹೊತ್ತಿನಾಗ ಎಲ್ಲಿ ನೆಳ್ಳೈತಿ, ಎಲ್ಲಿ ಕುಂತ್ರ ಗಾಳಿ ಬೀಸತೈತಿ, ಎಲ್ಲಿ ನೀರು ಕಾಣತೈತಿ ಅಂತ ಹುಡುಕ್ಕೊಂಡು ಅಡ್ಡಾಡಿದಾಕಿ ನಾನು. ಹಂಗ ಅಡ್ಡಾಡತ ಅಡ್ಡಾಡತ ಒಂದು ಮಾತು ತಿಳೀತು. ಆದಿಲ್ ಶಾಹಿ ಸುಲ್ತಾನರ ಕಾಲದಾಗ ಈ ಊರು ಕಟ್ಟಿದವರೂ ಅದನ್ನ ಹುಡುಕತಿದ್ರು. ನೆಳ್ಳು ಮತ್ತ ನೀರು.

ಮೊದಲು ಗುಮ್ಮಟ. ಮುಂಜಾನಿ ಆರಕ್ಕ ಬಾಗಲಾ ತೆಗೀತಾರ. ಮುಂದಿನ ತ್ವಾಟದಾಗ ಹುಲ್ಲಿಗೆ ನೀರು ಹೊಡೆದಿರತಾರ, ಹಸೀ ಮಣ್ಣಿನ ವಾಸನಿ ಬರತೈತಿ. ಮೂಲಿ ಗೋಪುರದ ಕಿಂಡ್ಯಾಗಿಂದ ಗಿಳಿ ಹಿಂಡು ಚೀರಕೊಂಡು ಹಾರತಾವ. ವಾಕಿಂಗ್ ಮಾಡೋ ಅಜ್ಜಂದಿರು, ಬೂಟು ಹಾಕ್ಕೊಂಡು ಓಡೋ ಹುಡುಗ್ರು, ಸೀರಿ ಮ್ಯಾಲೆ ಕ್ಯಾನ್ವಾಸ್ ಬೂಟು ಹಾಕ್ಕೊಂಡ ನಮ್ಮಂಥಾ ಹೆಣ್ಣಮಕ್ಕಳು, ಎಲ್ಲಾರೂ ಇರತೀವಿ. ಯಾರ ಮನ್ಯಾಗ ಏನು ಸಾರು ಅನ್ನೂದರಿಂದ ಯಾರ ಮಗಳಿಗೆ ಎಲ್ಲಿ ಗಂಡು ನೋಡ್ಯಾರ ಅನ್ನೂ ತನಕ ಸುದ್ದಿ ಅಲ್ಲೇ ಆಗತೈತಿ.

ಈ ಗುಮ್ಮಟ ಅಂದ್ರ ಮುಹಮ್ಮದ್ ಆದಿಲ್ ಶಾಹನ ಗೋರಿ. ಅವ ಆಳಿದ್ದು 1627ರಿಂದ 1656ರ ತನಕ. ಹೊರಗಿನ ಅಳತಿ ಹಿಡಿದ್ರ ಗುಮ್ಮಟದ ಅಡ್ಡಗಲ ಸುಮಾರು 44 ಮೀಟರ್. ಒಳಗ ಇಷ್ಟು ದೊಡ್ಡ ಚೌಕ ಖೋಲಿ, ಅದಕ್ಕ ಒಂದೂ ಕಂಬ ಇಲ್ಲ. ಚೌಕ ಖೋಲಿ ಮ್ಯಾಲೆ ದುಂಡಗಿನ ಗುಮ್ಮಟ ಹೆಂಗ ಕೂಡಿಸಿದ್ರು ಅಂತ ಬಾಳ ಮಂದಿ ಕೇಳ್ತಾರ. ನಾವು ಅಂಗಳದಾಗ ರಂಗೋಲಿ ಹಾಕೂವಾಗ ಒಂದು ಚೌಕ ಬರದು, ಅದರ ಮ್ಯಾಲೆ ಇನ್ನೊಂದು ಚೌಕ ಓರಿ ಮಾಡಿ ಬರೀತೀವಲ್ಲ, ಎಂಟು ಮೂಲಿ ನಕ್ಷತ್ರ ಬರತೈತಿ. ಇಲ್ಲೂ ಹಂಗ. ಎಂಟು ಕಮಾನು ಒಂದನ್ನೊಂದು ಹಾದು ಹೋಗಿ ನಡುವ ಎಂಟು ಮೂಲಿ ಮಾಡ್ಯಾವ, ಆ ಮೂಲಿಗೋಳು ಗುಮ್ಮಟದ ಭಾರ ಹೊತ್ತಾವ. ಒಳಗ ನಿಂತು ಕುತ್ತಿಗಿ ಎತ್ತಿ ನೋಡಿದ್ರ ರಂಗೋಲಿ ಕಲ್ಲಾಗ ಬರದಂಗ ಕಾಣತೈತಿ.

ನನಗ ಅದಕ್ಕಿಂತ ದೊಡ್ಡ ಸೋಜಿಗ ಅಂದ್ರ ಅಲ್ಲಿನ ತಂಪು. ಮೇ ತಿಂಗಳ ನಡುವ ಹನ್ನೊಂದು ಗಂಟೇಕ್ಕ ಹೊರಗ ಫರಸಿ ಕಾಲು ಸುಡತಿರತೈತಿ, ಒಳಗ ಬಂದ್ರ ಮೈಗೆ ತಣ್ಣಗ ಹತ್ತತೈತಿ. ಗುಮ್ಮಟದ ಬುಡದಾಗ ಕಟ್ಟಡ ಹತ್ತು ಅಡಿ ದಪ್ಪ ಐತಿ. ಅಷ್ಟು ದಪ್ಪ ಕಲ್ಲು, ಗಚ್ಚು ದಾಟಿ ಬಿಸಲು ಒಳಗ ಬರೂದರಾಗ ಹೊತ್ತು ಮುಳುಗಿರತೈತಿ. ರಾತ್ರಿ ಮತ್ತ ಆ ಕಲ್ಲು ತಂಪಾಗತೈತಿ. ನಮ್ಮ ಹಳ್ಳ್ಯಾಗ ಮಣ್ಣಿನ ಮಾಳಗಿ ಮನಿ ತಂಪಿರೂದು ಇದೇ ಲೆಕ್ಕಕ್ಕ. ಹೊರಗ ಗೋಡಿಗುಂಟ ಸೂರು ಮುಂದಕ್ಕ ಚಾಚಿದ್ದೂ ನೋಡ್ರಿ. ಚಂದಕ್ಕ ಹೌದು, ಆದ್ರ ಕಲ್ಲಿನ ಮ್ಯಾಲೆ ನೆಳ್ಳು ಬೀಳಾಕೂ ಬೇಕು.

ಮೂಲಿ ಗೋಪುರದ ಪಾವಟಿಗಿ ಏರಿ ಮ್ಯಾಲಿನ ಪಿಸುಮಾತಿನ ಗ್ಯಾಲರಿಗೆ ಹೋಗೂದಿದ್ರ ಮುಂಜಾನಿ ಮೊದಲಿಗೆ ಹೋಗ್ರಿ. ಶಾಲಿ ಹುಡುಗ್ರು ಬಂದ ಮ್ಯಾಲೆ ಬರೇ ಸಿಳ್ಳಿ, ಚಪ್ಪಾಳಿ. ಯಾರೂ ಇಲ್ಲದಾಗ ಗೋಡಿಗೆ ಬಾಯಿ ಹಚ್ಚಿ ಸಣ್ಣಗ ಮಾತಾಡಿದ್ರ ಆ ಕಡಿ, ಸುಮಾರು 38 ಮೀಟರ್ ದೂರ ಕುಂತಾಕಿಗೆ ಕಿವ್ಯಾಗ ಹೇಳಿದಂಗ ಕೇಳತೈತಿ. ನನ್ನ ನಾದಿನಿ ಮೊದಲ ಸಲ ಬಂದಾಗ "ಯವ್ವಾ, ಇಲ್ಲಿ ಅತ್ತಿ ಬಗ್ಗೆ ಏನೂ ಮಾತಾಡಬಾರದು" ಅಂದಿದ್ಲು. ನಕ್ಕಿದ್ದೂ ಏಳು ಸಲ ತಿರುಗಿ ಬಂತು.

ಕೆಳಗ ಇಳದು ಬಂದ್ರ ಮುಂದ ನಗಾರಖಾನೆ. ಹಿಂದಕ ಅಲ್ಲಿ ನಗಾರಿ ಬಾರಸ್ತಿದ್ರು. 1892ರಿಂದ ಅದು ಮ್ಯೂಸಿಯಂ. ಹಳೇ ಶಾಸನದ ಕಲ್ಲು, ಮೂರ್ತಿಗೋಳು, ಗಾಲಿಚೆ, ಚೀನಾದಿಂದ ಬಂದ ಪಿಂಗಾಣಿ ಸಾಮಾನು ಅದಾವ. ಆ ಪಿಂಗಾಣಿ ತಾಟು ನೋಡಿದಾಗೆಲ್ಲ ನನಗ ಅನಸತೈತಿ, ಇಷ್ಟು ದೂರದಿಂದ ಹಡಗದಾಗ, ಎತ್ತಿನ ಮ್ಯಾಲೆ ಒಡೀದಂಗ ಹೆಂಗ ತಂದ್ರೋ! ನಮ್ಮ ಮನ್ಯಾಗ ಗಾಂಧಿ ಚೌಕದಿಂದ ತಂದ ಕಪ್ಪಿನ ಸೆಟ್ಟು ಒಂದು ವರ್ಷ ಬಾಳಂಗಿಲ್ಲ.

ಗುಮ್ಮಟದಿಂದ ಪಡುವಣಕ್ಕ ನಡಕೋತ ಹೋದ್ರ ಊರಾಗ ಅಲ್ಲಲ್ಲಿ ಚೌಕಾಕಾರದ ಎತ್ತರ ಕಲ್ಲಿನ ಗೋಪುರ ಕಾಣತಾವ. ಮನಿ ನಡುವ, ಅಂಗಡಿ ಹಿಂದ, ಯಾವದೋ ಕಂಪೌಂಡಿನಾಗ. ಬಾಳ ಮಂದಿ ಇದೇನೋ ಹಾಳು ಬುರುಜು ಅಂತ ತಿಳೀತಾರ. ಅವು ನೀರಿನ ಗೋಪುರ. ಗಂಜ್ ಅಂತಾರ. ಇವುಗಳ ಕೆಲಸ ಭಾರಿ ಶಾಣೇತನದ್ದು. ದೂರದ ಎತ್ತರದ ಕೆರಿಯಿಂದ ಮಣ್ಣಿನ ಕೊಳವಿಯೊಳಗ ನೀರು ಬರತಿತ್ತು, ಕೊಳವಿ ಸುತ್ತ ಗಚ್ಚು ಹಾಕಿ ಕಟ್ಟಿದ್ರು. ಇಳಿಜಾರಿನಾಗ ಬಂದ ನೀರಿನ ಜೋರಿಗೆ ಮಣ್ಣಿನ ಕೊಳವಿ ಒಡೀತಾವ. ಅದಕ್ಕ ನಡುನಡುವ ಗೋಪುರ ಕಟ್ಟಿ, ನೀರು ಅದರಾಗ ಮ್ಯಾಲೆ ಏರಿ, ಜೋರು ಕಳಕೊಂಡು, ಮತ್ತ ಮುಂದ ಹರಿಯೂ ಹಂಗ ಮಾಡಿದ್ರು. ನೀರಿನಾಗಿನ ಮಣ್ಣು ಬುಡಕ್ಕ ಕೂಡತಿತ್ತು. ನಾವು ಹರವ್ಯಾಗ ನೀರು ತುಂಬಿಟ್ಟು ಕದಡಲಾರದಂಗ ಮ್ಯಾಲಿನ ನೀರು ತಕ್ಕೋತೀವಲ್ಲ, ಅದ ಪದ್ಧತಿ. ಮೋಟಾರಿಲ್ಲ, ಕರೆಂಟಿಲ್ಲ. ಬರೇ ಏರು ಇಳಿವಿನ ಲೆಕ್ಕ.

ಆ ನೀರು ಬರತಿದ್ದದ್ದು ಎಲ್ಲಿಂದ? ಒಂದು, ಪಡುವಣ ದಿಕ್ಕಿನ ತೊರವಿ ಕಡಿಯಿಂದ. 1565ರಾಗ ವಿಜಯನಗರ ಬಿದ್ದ ಮ್ಯಾಲೆ ಈ ಊರಿಗೆ ಮಂದಿ ಬಾಳ ಬಂದ್ರು. ಆಗ ಆಳತಿದ್ದ ಒಂದನೇ ಅಲಿ ಆದಿಲ್ ಶಾಹ ಊರ ಸುತ್ತ ಸುಮಾರು 10 ಕಿಲೋಮೀಟರ್ ಕ್ವಾಟಿ ಗೋಡಿ ಕಟ್ಟಿಸಿದ. ಗೋಡಿ ಒಳಗಿನ ಮಂದಿಗೆ ಕುಡಿಯಾಕ ನೀರು ಬೇಕಲ್ಲ? ತೊರವಿಯಿಂದ ನೆಲದಾಗ ಸುರಂಗ ಕೊರದು, ಅಲ್ಲಲ್ಲಿ ಗಾಳಿಗೆ ಕಿಂಡಿ ಬಿಟ್ಟು ನೀರು ತಂದ್ರು. ಚಾಂದ್ ಬಾವಡಿನೂ ಅವನ ಕಾಲದ್ದ. ಹೆಸರು ಅವನ ಹೆಂಡತಿ ಚಾಂದಬೀಬೀದು. ಮುಂದ ಅಹಮದನಗರದ ಕ್ವಾಟಿ ಮ್ಯಾಲೆ ನಿಂತು ಮೊಗಲರ ಸೈನ್ಯ ತಡೆದಾಕಿ ಇದೇ ಚಾಂದಬೀಬಿ. ಇನ್ನೊಂದು ದೊಡ್ಡ ಆಸರ ಅಂದ್ರ ಊರಿನ ತೆಂಕಣಕ್ಕಿರೋ ಬೇಗಂ ತಲಾಬ್. 1651ರಾಗ ಮುಹಮ್ಮದ್ ಆದಿಲ್ ಶಾಹ ಜಹಾನ್ ಬೇಗಂ ಹೆಸರಿಲೆ ಕಟ್ಟಿಸಿದ್ದು. ತಮ್ಮ ಗೋರಿ ದೊಡ್ಡದಾಗಲಿ ಅಂತ ಗುಮ್ಮಟ ಕಟ್ಟಿಸಿದವನ, ಅದ ಹೊತ್ತಿನಾಗ ಊರ ಮಂದಿಗೆ ಕೆರಿನೂ ಕಟ್ಟಿಸಿದ. ಗುಮ್ಮಟ ನೋಡಾಕ ದೇಶದ ಮಂದಿ ಬರ್ತಾರ, ಕೆರಿ ದಂಡಿಗೆ ಹೋಗೂದು ನಮ್ಮಂಥವರು.

ಬೇಗಂ ತಲಾಬಿನ ನೀರು ಬರತಿದ್ದ ಒಂದು ಜಾಗಾ ಅಂದ್ರ ಅಸಾರ್ ಮಹಲ್. ಗುಮ್ಮಟದಿಂದ ನಡಕೊಂಡು ಹೋಗೂವಷ್ಟ ದೂರ. 1646ರ ಸುಮಾರಿಗೆ ನ್ಯಾಯ ಕೊಡೂ ಮನಿ ಅಂತ ಕಟ್ಟಿದ್ದು. ಮುಂದ ಎತ್ತರದ ಸಾಗವಾನಿ ಕಂಬ, ಅದರ ಮುಂದ ದೊಡ್ಡ ಹೊಂಡ. ಪ್ರವಾದಿಯವರ ಕೂದಲು ಅಲ್ಲಿ ಇಟ್ಟಾರ ಅಂತ ನಂಬಿಕಿ, ಹಿಂಗಾಗಿ ಹೆಣ್ಣಮಕ್ಕಳಿಗೆ ಒಳಗ ಪ್ರವೇಶ ಇಲ್ಲ. ಯಜಮಾನ್ರು ಒಳಗ ಹೋಗಿ ಬಂದು ಗೋಡಿ ಮ್ಯಾಲಿನ ಬಣ್ಣದ ಚಿತ್ರದ ಬಗ್ಗೆ ಹೇಳ್ತಾರ, ನಾನು ಹೊಂಡದ ದಂಡಿ ಮ್ಯಾಲೆ ಕುಂತು ಕೇಳ್ತೀನಿ. ನ್ಯಾಯದ ಮನ್ಯಾಗ ನಮಗ ಜಾಗಾ ಇಲ್ಲ ಅಂತ ಒಮ್ಮೊಮ್ಮೆ ಮನಸಿಗೆ ಹತ್ತತೈತಿ. ಆದ್ರ ಬ್ಯಾಸಗ್ಯಾಗ ಆ ನೀರಿನ ಮ್ಯಾಲಿಂದ ಬರೋ ಗಾಳಿ ಹೊರಗ ಕುಂತವರಿಗೇ ಮೊದಲು.

ಅಲ್ಲಿಂದ ಜಾಮಿಯಾ ಮಸೀದಿ ಕಡೆ ಹೋಗೂ ದಾರ್ಯಾಗ ಮೆಹತರ್ ಮಹಲ್ ಐತಿ. ಹೆಸರು ಮಹಲ್, ಖರೇ ಅಂದ್ರ ಅದೊಂದು ಮಸೀದಿಯ ಬಾಗಲಾ. ಅದರ ಗಚ್ಚಿಗೆ ಆಸರ ಕೊಟ್ಟ ಕಲ್ಲಿನ ಚಾಚುಗಳನ್ನ ನೋಡ್ರಿ, ಬಡಗೇರು ಕಟಗ್ಯಾಗ ಕೆತ್ತಿದಷ್ಟು ನಾಜೂಕು. ಜಾಮಿಯಾ ಮಸೀದಿ ಒಂದನೇ ಅಲಿ ಆದಿಲ್ ಶಾಹನ ಕಾಲಕ್ಕ ಸುರು ಆದದ್ದು. 1686ರಾಗ ಔರಂಗಜೇಬ ಊರು ಗೆದ್ದ ಮ್ಯಾಲೆ ನೆಲದ ಮ್ಯಾಲೆ ಒಬ್ಬೊಬ್ಬರಿಗೆ ಒಂದೊಂದು ಅಂತ 2250 ಚೌಕ ಗೆರಿ ಹಾಕ್ಸಿದ ಅಂತಾರ. ಅದರ ಸಾಲು ಸಾಲು ಕಮಾನಿನ ಕೆಳಗಿನ ನೆಳ್ಳು ಮಧ್ಯಾಹ್ನದಾಗೂ ನೀಲಿ ಬಣ್ಣದ್ದಿರತೈತಿ.

ಈಗ ಪ್ಯಾಟಿ ಸುದ್ದಿ. 1603-04ರ ಹೊತ್ತಿಗೆ ಮೊಗಲ ಬಾದಶಾಹ ಅಕಬರ ತನ್ನ ಕಡಿಯಿಂದ ಅಸದ್ ಬೇಗ್ ಅನ್ನೋವನನ್ನ ಇಲ್ಲಿಗೆ ಕಳಿಸಿದ್ದ. ಇಲ್ಲಿಂದ ಹೊಗೆಸೊಪ್ಪು ಒಯ್ದು ಅಕಬರಗ ತೋರಿಸಿದವ ಇವನ. ಆ ಅಸದ್ ಬೇಗ್ ಬಿಜಾಪುರದ ಬಜಾರ ಕಂಡು ದಂಗಾಗಿ ಬರದಿಟ್ಟಾನ. ಬಜಾರ ಉದ್ದಕ್ಕ ಉದ್ದ, ಅಗಲಕ್ಕ ಅಗಲ, ಭಾರಿ ಸ್ವಚ್ಛ, ಒಂದೊಂದು ಅಂಗಡಿ ಮುಂದೂ ಒಂದೊಂದು ಹಸರು ಗಿಡ. ಮುತ್ತು, ರತ್ನ, ಅರಿವಿ, ಅತ್ತರು ಎಲ್ಲಾ ಇದ್ವು ಅಂತಾನೂ ಬರದಾನ. ನನ್ನ ಮನಸಿನಾಗ ಉಳದದ್ದು ಆ ಗಿಡ. ಅಂಗಡಿಗೊಂದು ಗಿಡ ಅಂದ್ರ ಕೊಳ್ಳಾಕ ಬಂದವರಿಗೆ ಹೆಜ್ಜಿ ಹೆಜ್ಜಿಗೆ ನೆಳ್ಳು. ರೊಕ್ಕಿದ್ದವರು ಪಲ್ಲಕ್ಕ್ಯಾಗ ಹೋಗತಿದ್ರು, ನೆಳ್ಳು ಬೇಕಾಗಿದ್ದು ನಡಕೊಂಡು ಬರೋರಿಗೆ.

ಈಗ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿಗೆ ಸಂಜಿ ಐದೂವರಿಗೆ ಹೋಗ್ರಿ. ಕಾಯಿಪಲ್ಲೆ ಮಾರೋ ಅವ್ವಗೋಳು ಹರಕ ಕೊಡಿ ಕೆಳಗ, ಚೀಲದ ಛಪರದ ಕೆಳಗ ಕುಂತಿರತಾರ. ಎಳೆ ಸೌತಿಕಾಯಿ, ಕಲ್ಲಂಗಡಿ, ಕರಬೂಜ, ನಿಂಬಿಹಣ್ಣು, ಉಪ್ಪಿನಕಾಯಿಗೆ ಮಾವಿನಕಾಯಿ, ಮಾರು ಲೆಕ್ಕದಾಗ ಮಲ್ಲಿಗಿ. ಕುಂಬಾರರ ಕರಿ ಗಡಿಗಿ, ಕೆಂಪು ಹರವಿ ಬಂದಿರತಾವ. ಗಡಿಗಿ ತಗೋಳೂವಾಗ ಬಟ್ಟಿಲೆ ಬಾರಿಸಿ ನೋಡಬೇಕು, ಠಣ್ ಅಂದ್ರ ಚಲೋ ಸುಟ್ಟೈತಿ, ಬದ್ ಅಂದ್ರ ಸೀಳೈತಿ. ಕೊಂಡು ತಂದ್ರ ಒಂದು ದಿನ ನೀರು ತುಂಬಿ ಚೆಲ್ಲಿ, ಮರುದಿನ ಕುಡಿಯಾಕ ಇಡಬೇಕು. ಫ್ರಿಜ್ಜಿನ ನೀರಿಗೆ ಗಂಟಲು ಹಿಡೀತೈತಿ, ಗಡಿಗಿ ನೀರಿಗೆ ಜೀವ ತಣ್ಣಗಾಗತೈತಿ. ಬರೂವಾಗ ಒಂದು ಗ್ಲಾಸ್ ಕಬ್ಬಿನ ಹಾಲು, ಇಲ್ಲಾ ಗಿರಮಿಟ್ ಮ್ಯಾಲೆ ಮಿರ್ಚಿ ಭಜಿ. ಕಾಲು ಸೋತ್ರ ಟಾಂಗಾ. ಈಗ ಟಾಂಗಾ ಕಡಿಮಿ ಆಗ್ಯಾವ, ಸಿಕ್ಕಾಗ ಬಿಡಬ್ಯಾಡ್ರಿ.

ಆದ್ರ ಗಿಡ ಎಲ್ಲಿ ಅದಾವ? ನಾನು ಲಗ್ನಾಗಿ ಬಂದಾಗ ಇದ್ದ ಬೇವಿನ ಗಿಡ ರಸ್ತೆ ಅಗಲ ಮಾಡೂವಾಗ ಎಷ್ಟೋ ಹೋದ್ವು. ಆ ಮಾರ್ಕೆಟ್ಟಿನ ಅವ್ವ ನನಗ "ತಂಗಿ, ಮೊದಲ ಇಲ್ಲಿ ಗಿಡಿತ್ತು, ಮಧ್ಯಾಹ್ನ ಅಲ್ಲೇ ಅಡ್ಡಾಗತಿದ್ದೆ" ಅಂತ ಹೇಳ್ತಾಳ. ನಾಕು ನೂರು ವರ್ಷದ ಹಿಂದ ಅಂಗಡಿಗೊಂದು ಗಿಡ ಇದ್ದ ಊರಾಗ ಈಕಿ ಕೊಡಿ ಹಿಡಕೊಂಡು ಕುಂದರಬೇಕಾತು. ಈಚೆಗೆ ಕೋಟಿ ವೃಕ್ಷ ಅಭಿಯಾನ ಅಂತ ಜಿಲ್ಲಾದಾಗ ಗಿಡ ಹಚ್ಚೂದು ನಡದೈತಿ, ಚಲೋ ಕೆಲಸ. ಹಚ್ಚಿದ ಗಿಡ ನೆಳ್ಳು ಕೊಡಾಕ ಹತ್ತು ವರ್ಷ ಬೇಕು, ಅಲ್ಲಿ ತನಕ ಯಾರರೆ ಎರಡು ಕೊಡ ನೀರು ಹಾಕಬೇಕು. ನಮ್ಮ ಓಣ್ಯಾಗಿನ ಎರಡು ಗಿಡಕ್ಕ ಅರಿವಿ ಒಗೆದ ಕಡೇ ನೀರು ನಾವ ಹಾಕ್ತೀವಿ.

ಇನ್ನ ತಾಜ್ ಬಾವಡಿ. ಇದನ್ನ ಹೇಳಾಕ ಇಷ್ಟೆಲ್ಲಾ ಹೇಳ್ದೆ ಅಂತ ತಿಳಕೊಳ್ರಿ. ಪಡುವಣ ಕಡೆ ಮೆಕ್ಕಾ ದರವಾಜೆ ಹತ್ರ ಐತಿ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿಂದು. ಇಬ್ರಾಹಿಂ ಅಂದ್ರ ಇಬ್ರಾಹಿಂ ರೋಜಾ ಯಾರ ಗೋರಿ ಐತಿ ಅವನ. ಸಂಗೀತದ ಹುಚ್ಚಿನವ, ಕಿತಾಬ್-ಎ-ನೌರಸ್ ಬರದು ಅದರಾಗ ಸರಸ್ವತೀನೂ ನೆನದವ. ಬಾವಡಿ ಬಾಗಲಾಕ್ಕ ದೊಡ್ಡ ಕಮಾನು, ಎರಡೂ ಕಡೆ ಎಂಟು ಮೂಲಿ ಗೋಪುರ. ಕಮಾನು ದಾಟಿದ ಕೂಡ್ಲೆ ಕೆಳಗ ಚೌಕ ನೀರು, ಎಡಕ್ಕ ಬಲಕ್ಕ ಇಳಿಯೂ ಪಾವಟಿಗಿ. ಬಾಜೂಕ್ಕ ದಾರಿಹೋಕರು ಇಳಕೊಳ್ಳಾಕ ಖೋಲಿ. ದೂರದಿಂದ ನಡಕೊಂಡು ಬಂದು, ದರವಾಜೆ ದಾಟಿ, ಮೊದಲಿಗೆ ಕಾಣೂದು ನೀರು ಮತ್ತ ನೆಳ್ಳು. ಊರು ಮಂದಿನ ಹಂಗ ಬರಮಾಡಿಕೊಳ್ಳತಿತ್ತು.

ನಮ್ಮ ಅತ್ತಿಯವರು ಸಣ್ಣಾಕಿ ಇದ್ದಾಗ ಈ ಕಡೇ ಬಾವಡಿಗೋಳಿಂದ ಕೊಡದಾಗ ನೀರು ಹೊತ್ತಾರಂತ. ಓಣಿ ಹುಡುಗ್ರು ಬೆನ್ನಿಗೆ ಒಣ ಕುಂಬಳಕಾಯಿ ಕಟ್ಟಿಕೊಂಡು ಈಸು ಕಲೀತಿದ್ರಂತ. ಮುಂದ ಮನಿ ಮನಿಗೆ ನಳ ಬಂತು. ನಳ ಬಂದ ಮ್ಯಾಲೆ ಬಾವಡಿ ಯಾರಿಗೂ ಬ್ಯಾಡಾತು. ನಾನು ಲಗ್ನಾಗಿ ಬಂದ ಹೊಸದಾಗಿ ನೋಡಿದ ತಾಜ್ ಬಾವಡಿ ಹಸರು ಪಾಚಿ, ಪ್ಲಾಸ್ಟಿಕ್ ಚೀಲ, ಮುಳುಗಿಸಿದ ಗಣಪತಿ ಮೂರ್ತಿಯ ಕಟಗಿ. ಮೂಗು ಮುಚ್ಚಿಕೊಂಡು ಹಾದು ಹೋಗತಿದ್ವಿ. ಅತ್ತಿಯವರು ಆ ಕಡೆ ಮುಖ ಮಾಡತಿದ್ದಿಲ್ಲ. "ಕುಡದ ನೀರಿನಾಗ ಕಸಾ ಚೆಲ್ಯಾರ" ಅಂತಿದ್ರು. ನಳದಾಗರೆ ನೀರು ಇತ್ತೇನು? ಬ್ಯಾಸಗ್ಯಾಗ ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕ. ಟ್ಯಾಂಕರ್ ಬಂತಂದ್ರ ಕೊಡ ಹಿಡಕೊಂಡು ಓಡೂದು, ಜಗಳಾಡೂದು. ಬಾವಡಿ ತುಂಬಿದ ಊರಾಗ ನಾವು ಟ್ಯಾಂಕರಿಗೆ ಕಾಯತಿದ್ವಿ.

ಇದು ಹೊಸಾದೇನಲ್ಲ. 1686ರ ಮ್ಯಾಲೆ ಊರಿಗೆ ಒಡೆಯ ಇಲ್ಲದಂಗಾಗಿ ನೀರಿನ ವ್ಯವಸ್ಥಾ ಹಾಳು ಬಿತ್ತು. ಗುಮ್ಮಟ, ಕಮಾನು ತಾವಾಗಿ ನಿಲ್ಲತಾವ, ಕೊಳವಿ, ಹೊಂಡ ಹಂಗಲ್ಲ. ವರ್ಷಾ ಹೂಳು ತೆಗೀಬೇಕು, ಒಡಕು ಮೆತ್ತಬೇಕು, ಮನಿ ಒಲಿ ಸಾರಿಸಿದಂಗ. 1876-78ರ ಬರದಾಗ ನಮ್ಮ ಈ ಕಡೇ ಮಂದಿ ಲೆಕ್ಕವಿಲ್ಲದಷ್ಟು ಸತ್ರು. ಆಗ ಜಿಲ್ಲಾದ ಹೆಸರು ಕಲಾದಗಿ. 1885ರಾಗ ಇಂಗ್ಲಿಷರು ಜಿಲ್ಲಾ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕ ತಂದ್ರು, ಹಳೇ ಮಹಲ್‌ಗಳಾಗ ಕಚೇರಿ ಕುಂತ್ವು, ಊರು ಮತ್ತ ತುಂಬಿತು.

2016-17ರ ಸುಮಾರಿಗೆ, ಬರದ ಬೆನ್ನಿಗೆ, ತಾಜ್ ಬಾವಡಿ ಮತ್ತ ಬ್ಯಾರೆ ಹಳೇ ಬಾವಡಿಗೋಳ ಹೂಳು ತೆಗದ್ರು. ಲಾರಿಗಟ್ಟಲೆ ಕಸಾ ಹೊರಗ ಬಂತು. ನೋಡಾಕ ಊರ ಮಂದಿ ನಿಂತಿದ್ರು, ನಾನೂ ಹೋಗಿದ್ದೆ. ಹೂಳು ಇಳದಂಗ ಇಳದಂಗ ಮುಚ್ಚಿ ಹೋಗಿದ್ದ ಪಾವಟಿಗಿ ಒಂದೊಂದಾಗಿ ಮ್ಯಾಲೆ ಬಂದ್ವು. ಆ ಪಾವಟಿಗಿ ನಡುವ ಸವದು ಗುಂಡಿ ಬಿದ್ದಿದ್ವು. ಸುಲ್ತಾನರು ನಡದು ಸವೆಸಿದ್ದಲ್ಲ ಅದು. ಕೊಡ ಹೊತ್ತ ಹೆಣ್ಣಮಕ್ಕಳ ಕಾಲು. ಇತಿಹಾಸದ ಪುಸ್ತಕದಾಗ ಅವರ ಹೆಸರು ಸಿಗಂಗಿಲ್ಲ, ಕಲ್ಲಾಗ ಸಿಕ್ಕಿತು.

ರಾಜರಿಗೆ ಬ್ಯಾಸಗಿ ಕಳಿಯಾಕ ಬ್ಯಾರೆ ಜಾಗಾ ಇತ್ತು. ಊರಿನ ಮೂಡಣಕ್ಕ ಕುಮಟಗಿ ಐತಿ, ಕೆರಿ ದಂಡಿಗೆ ನೀರಿನ ನಡುವ ಮಂಟಪ, ಕಾರಂಜಿ, ಗೋಡಿ ಮ್ಯಾಲೆ ಕುಸ್ತಿ ಆಡೋರ ಚಿತ್ರ. ಬಬಲೇಶ್ವರ ಕಡೆ ಮಮದಾಪುರದಾಗ 1633ರ ದೊಡ್ಡ ಕೆರಿ ಐತಿ, ಅದೂ ಮುಹಮ್ಮದ್ ಆದಿಲ್ ಶಾಹಂದ. ಈಗ ಕಾಲುವಿ ನೀರು ಕೆರಿಗೆ ತುಂಬಿಸಾಕ ಹತ್ತಿದ ಮ್ಯಾಲೆ ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಪಡ ಹಸರಾಗ್ಯಾವ. ತವರಿಗೆ ಹೋದಾಗ ಬಸ್ಸಿನ ಕಿಡಕ್ಯಾಗಿಂದ ನೋಡ್ತೀನಿ, ನಾ ಸಣ್ಣಾಕಿದ್ದಾಗ ಅದೆಲ್ಲ ಬರೇ ಬಿಳೀ ಜ್ವಾಳದ ಹೊಲ ಇತ್ತು. ನೀರು ಬಂದ್ರ ಹತ್ತು ವರ್ಷದಾಗ ಊರ ಬಣ್ಣ ಬದಲಾಗತೈತಿ. ನೀರು ಮರತ್ರೂ ಅಷ್ಟ ಬೇಗ ಬದಲಾಗತೈತಿ.

ಈಗ ನಮಗ ಕೃಷ್ಣಾ ನದಿ ನೀರು ಬರತೈತಿ, ಮೊದಲಿನಷ್ಟು ಕಷ್ಟ ಇಲ್ಲ. ಅದಕ್ಕ ನನಗ ಹೆದರಿಕಿ. ನಳ ಬಂದಾಗ ಒಮ್ಮೆ ಬಾವಡಿ ಮರತೀವಿ, ಮತ್ತ ಮರೀತೀವೇನೋ ಅಂತ. ಹ್ವಾದ ಬ್ಯಾಸಗ್ಯಾಗ ತಾಜ್ ಬಾವಡಿ ಕಮಾನಿನ ಕೆಳಗ ನಿಂತಾಗ ನೀರಿನ ಮ್ಯಾಲೆ ನಾಕೈದು ನೀರಿನ ಬಾಟಲಿ ತೇಲತಿದ್ವು. ನಾಕೈದ, ಬಾಳ ಇಲ್ಲ. ಆದ್ರ ಸುರು ಆಗೂದು ಹಂಗ.

ಅದಕ್ಕ ಬ್ಯಾಸಗ್ಯಾಗ ಬರ್ರಿ ಅಂತ ಹೇಳೂದು. ಮುಂಜಾನಿ ಆರಕ್ಕ ಗುಮ್ಮಟ, ಎಂಟರೊಳಗ ಅಸಾರ್ ಮಹಲ್ ಹೊಂಡ, ಬಿಸಲು ಏರಿದ್ರ ಮನಿಗೆ ಬಂದು ಅಂಬಲಿ ಕುಡದು ಮಲಗ್ರಿ. ಸಂಜಿಗೆ ಉಪ್ಪಲಿ ಬುರುಜು ಏರ್ರಿ, 1584ರಾಗ ಹೈದರ್ ಖಾನ್ ಕಟ್ಟಿಸಿದ್ದು, ಮ್ಯಾಲೆ ನಿಂತ್ರ ಊರೆಲ್ಲಾ ಕಾಣತೈತಿ, ಗಾಳಿನೂ ಚಲೋ. ಪಕ್ಕದಾಗ ಮಲಿಕ್-ಎ-ಮೈದಾನ ತೋಪು, ಬಿಸಲಾಗಿದ್ರೂ ಮುಟ್ಟಿದ್ರ ತಣ್ಣಗಿರತೈತಿ ಅಂತಾರ, ಮುಟ್ಟಿ ನೋಡ್ರಿ. ಹೊತ್ತು ಮುಳುಗೂದರಾಗ ತಾಜ್ ಬಾವಡಿ. ಚೀಲದಾಗ ಮನ್ಯಾಗಿನ ನೀರಿನ ತಂಬಿಗಿ ಇರಲಿ, ಖಾಲಿ ಆದ್ರ ಅದನ್ನ ಮನಿಗೇ ತರ್ರಿ.